ಡಬ್ಬಿಯ ತಳದಲ್ಲಿದ್ದ ಮಾತು

ಕಲೆಯ ಎದುರು ನಿಂತಾಗ ಮನುಷ್ಯನಿಗೆ ಬೆವರು ಬರಬಾರದು. ಅರ್ಥವಾಗದಿದ್ದರೆ ತಲೆಯನ್ನು ಸ್ವಲ್ಪ ಓರೆ ಮಾಡಿ, 'ಹೂಂ' ಎಂದು ಮುಂದಿನದರ ಕಡೆ ನಡೆಯುವುದು ನನ್ನ ಪದ್ಧತಿ. ಇದರಿಂದ ಕಲೆಗೂ ನನಗೂ ಈವರೆಗೆ ತೊಂದರೆಯಾಗಿಲ್ಲ. ಆದರೆ ಕಳೆದ ಭಾನುವಾರ ಒಂದು ಸ್ಟೀಲ್ ಡಬ್ಬಿಯ ಎದುರು ನಿಂತು ಅಂಗಿ ಒದ್ದೆಯಾಗುವಷ್ಟು ಬೆವರಿದೆ. ಕಂಡದ್ದನ್ನು ಕಂಡಷ್ಟೇ, ನಿಧಾನವಾಗಿ ಹೇಳುತ್ತೇನೆ.

ನನ್ನ ಅಣ್ಣನ ಮಗಳು ವಿಭಾ ನಾವಿರುವ ಪುಣೆಯಲ್ಲೇ ಚಿತ್ರಕಲೆ ಓದುತ್ತಾಳೆ. ಮನೆಮನೆಯ ಪಾತ್ರೆಗಳನ್ನು ಕೇಳಿ ತಂದು ಒಂದು ಪ್ರದರ್ಶನ ಮಾಡಿದ್ದಳು. ಪಾತ್ರೆಯ ತಳದಲ್ಲಿ ನಾವು ಹೆಸರು ಕೊರೆಸುತ್ತೇವಲ್ಲ, ಅದೇ ಅವಳ ವಿಷಯ. ಮೇಜಿನಿಂದ ಪಾತ್ರೆ ಎತ್ತಿದ ಕೂಡಲೇ ಅದರ ತಳದ ಬರಹ ಎದುರಿನ ಗೋಡೆಯ ಮೇಲೆ ಆಳೆತ್ತರದ ಬೆಳಕಿನ ಅಕ್ಷರಗಳಲ್ಲಿ ಮೂಡುತ್ತದೆ, ಕೆಳಗಿಟ್ಟರೆ ಆರುತ್ತದೆ. ನಮ್ಮ ಮನೆಯಿಂದಲೂ ಒಂದು ಡಬ್ಬಿ ಒಯ್ದಿದ್ದಳು. ಇಲ್ಲಿಯೇ ಬೆಳೆದ ಹುಡುಗಿ, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ತಳದ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ್ದಳಷ್ಟೇ. ಅಲ್ಲಿ ಏನಿದೆಯೆಂದು ನಾವೂ ನೋಡಿರಲಿಲ್ಲ. ಮನೆಯ ಡಬ್ಬಿಯನ್ನು ಬೋರಲು ಹಾಕಿಕೊಂಡು ಓದುತ್ತ ಕೂರುವವರು ಯಾರು?

ಹೆಂಡತಿ ಸುಮಂಗಲಾ ಅಭಿಮಾನದಿಂದ ಮೇಲಿನ ಮನೆಯ ಶಾರದಕ್ಕನನ್ನೂ ಹೊರಡಿಸಿದಳು. ಶಾರದಕ್ಕ ಉಡುಪಿ ಕಡೆಯವರು. ಅವರ ಯಜಮಾನರದು ದೇಹೂ ರೋಡಿನಲ್ಲಿ ಹೋಟೆಲು. ಮನೆಯಲ್ಲಿ ಏನು ಮಾಡಿದರೂ ಡಬ್ಬಿಗೆ ಹಾಕಿ ಕಟ್ಟಡಕ್ಕೆಲ್ಲ ಹಂಚಿಬಿಡುವ ಕೈ. ರಿಕ್ಷಾದಲ್ಲಿ ಅವರು ಇದ್ದಕ್ಕಿದ್ದಂತೆ, "ಮದುವೆಯಲ್ಲಿ ಅಮ್ಮ ಕೊಟ್ಟ ಡಬ್ಬಿ ಒಂದಿತ್ತು ಮಾರಾಯ್ರೆ, ಯಾರ ಮನೆಗೆ ಹೋಯ್ತೋ ಏನೋ. ಅಮ್ಮ ಹೋದ ಮೇಲೆ ಅವರದ್ದು ಅಂತ ಉಳಿದದ್ದು ಅದೊಂದೇ. ಮುಚ್ಚಳದ ಹಿಡಿ ಸ್ವಲ್ಪ ವಾಲಿತ್ತು," ಎಂದರು.

"ಇಟಗೊಂಡವ್ರಿಗೆ ನಾಚಿಕಿ ಬ್ಯಾಡೇನ್ರೀ ಅಕ್ಕಾ?" ಎಂದಳು ಸುಮಂಗಲಾ.

ಪ್ರದರ್ಶನದ ಹಾಲಿಗೆ ಕಾಲಿಟ್ಟು ನಮ್ಮ ಡಬ್ಬಿ ಎಲ್ಲಿದೆಯೆಂದು ಹುಡುಕಿದೆ. ಕಿಟಕಿಯ ಪಕ್ಕದ ಮೇಜಿನ ಮೇಲಿತ್ತು. ಮುಚ್ಚಳದ ಹಿಡಿ ಎಡಕ್ಕೆ ವಾಲಿತ್ತು.

ನಾನು ಸುಮಂಗಲಾಳನ್ನು ನೋಡಿದೆ. ಅವಳೂ ಆ ಹಿಡಿ ನೋಡಿದ್ದಳು. "ಅಕ್ಕಾ, ಮೊದಲ ಹೊರಗ ಹೋಗಿ ಚಾ ಕುಡಿಯೋಣ ಬರ್ರಿ," ಎಂದಳು. "ಈಗಷ್ಟೇ ಒಳಗೆ ಬಂದದ್ದಲ್ವಾ?" ಎಂದರು ಶಾರದಕ್ಕ. ಬೇರೆ ದಾರಿ ಕಾಣದೆ ನಾನು ಡಬ್ಬಿಗೆ ಬೆನ್ನು ಕೊಟ್ಟು, ಕೈಗಳನ್ನು ಸ್ವಲ್ಪ ಅಗಲಿಸಿ ನಿಂತುಕೊಂಡೆ. ಯಾರೋ ಹಿರಿಯರು ಬಂದು ನನ್ನನ್ನು ಗಮನವಿಟ್ಟು ನೋಡಿ, ನನ್ನ ಬಲಗೈಯನ್ನು ಮೆಲ್ಲಗೆ ಮೇಲೆತ್ತಿ ಗೋಡೆಯ ಕಡೆ ತಿರುಗಿದರು. ಏನೂ ಮೂಡಲಿಲ್ಲ. ಕೈಯನ್ನು ಇದ್ದಲ್ಲೇ ಇಟ್ಟು, ತಲೆಯನ್ನು ಓರೆ ಮಾಡಿ 'ಹೂಂ' ಎಂದು ಹೋದರು.

"ಕಾಕಾ, ಅಡ್ಡ ನಿಂತೀರಲ್ಲ!" ಎಂದು ವಿಭಾ ಓಡಿಬಂದು ನನ್ನನ್ನು ಪಕ್ಕಕ್ಕೆ ಸರಿಸಿದಳು. "ಆಂಟಿ, ಎತ್ತಿ ನೋಡ್ರಿ. ಇದು ನಮ್ಮ ಸುಮಂಗಲಾ ಕಾಕೂನ ಡಬ್ಬಿ."

ಶಾರದಕ್ಕ ಎತ್ತಿದರು. ಗೋಡೆ ಬೆಳಗಿತು: 'ಶಾರದೆಗೆ ಅಮ್ಮನಿಂದ.'

ನಾನು ನೆಲ ನೋಡಿದೆ. ಬೈಗುಳ ಬರಲಿಲ್ಲ. ತಲೆಯೆತ್ತಿದಾಗ ಅವರು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು, ಅಕ್ಷರ ಆರಿತು. ಮತ್ತೆ ಎತ್ತಿದರು, ಅಮ್ಮ ಮತ್ತೆ ಬಂದರು. ಹೀಗೆಯೇ ಸುಮಾರು ಹೊತ್ತು. ಹಿಂದೆ ಜನ ಸಾಲಾಗಿ ನಿಂತರೂ ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಇಷ್ಟು ದೊಡ್ಡದಾಗಿ ಅಮ್ಮ ಯಾವತ್ತೂ ಮಾತಾಡಿದ್ದಿಲ್ಲ. ಪ್ರದರ್ಶನ ಮುಗಿಯುವ ತನಕ ಇಲ್ಲೇ ಇರಲಿ," ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ನಾಚಿಕೆ ಬಗ್ಗೆ ರಿಕ್ಷಾದಲ್ಲಿ ಏನೋ ಹೇಳ್ತಾ ಇದ್ರಲ್ಲ ಸುಮಂಗಲಾ?" ಎಂದು ನಕ್ಕರು.

"ಖಾಲಿ ಡಬ್ಬಿ ಹೆಂಗ ಕೊಡೂದ್ರಿ ಅಕ್ಕಾ? ಏನರ ತುಂಬಿ ಕೊಡೂಣು ಅಂತ ಇಟ್ಟಿದ್ದೆ," ಎಂದಳು ಸುಮಂಗಲಾ. ಅದು ಸುಳ್ಳಲ್ಲ.

ನಿನ್ನೆ ಡಬ್ಬಿ ವಾಪಸು ಬಂತು. ಸುಮಂಗಲಾ ಶೇಂಗಾ ಉಂಡಿ ಕಟ್ಟಿ ಅದರ ತುಂಬ ಜೋಡಿಸಿ, ಸೀರೆ ಬದಲಿಸಿ ಬರುತ್ತೇನೆಂದು ಒಳಗೆ ಹೋದಳು. ಬಂದವಳು ಮುಚ್ಚಳ ತೆಗೆದು ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಷ್ಟು ಸಲ ತುಂಬಿಟ್ಟೆ, ಪ್ರತಿ ಸಲ ಯಾರು ಖಾಲಿ ಮಾಡಿದ್ರು ಅನ್ನೂದನ್ನೂ ಇದರ ತಳದಾಗ ಕೊರಸ್ಲೇನು?"

ಉತ್ತರ ಕೊಡಬಹುದಿತ್ತು. ಬಾಯಿ ತುಂಬಿತ್ತು.