ಜಲ್ಲಿ ಗಣಿಯ ಏಳನೇ ಅಜ್ಜ

ಶಾರ್ಶೆನ್ ಮಾಡಿದ ತಪ್ಪು ಒಂದೇ. ಹೆಂಡತಿಯ ತಮ್ಮ ಮನೆಗೆ ಪಾಯ ತೋಡಬೇಕು ಎಂದಾಗ ಜಲ್ಲಿ ಗಣಿಯ ಬುಲ್ಡೋಜರನ್ನು ಒಂದು ದಿನದ ಮಟ್ಟಿಗೆ ಕೊಟ್ಟ. ಹೆಂಡತಿಯ ತಮ್ಮನಿಗೆ ಇಲ್ಲ ಎನ್ನುವ ಗಂಡಸು ಚುಯ್ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಹಳ್ಳ ದಾಟುವಾಗ ಬುಲ್ಡೋಜರ್ ಕೆಸರಿನಲ್ಲಿ ಹೂತುಹೋಗಿ ಇವತ್ತಿಗೆ ಹತ್ತೊಂಬತ್ತು ದಿನ.

ಅಷ್ಟರಲ್ಲಿ ಗಣಿಯ ಮೇಸ್ತ್ರಿಯಾಗಿ ಶಾರ್ಶೆನ್ ಇಲಾಖೆಗೆ ವರದಿ ಕಳಿಸಿಬಿಟ್ಟಿದ್ದ: ಅಗೆದು ಮುಗಿದ ಗುಂಡಿ ಮುಚ್ಚಲಾಗಿದೆ, ತೆಗೆದಿಟ್ಟಿದ್ದ ಮೇಲ್ಮಣ್ಣನ್ನು ಪೂರ್ತಿ ಹರಡಲಾಗಿದೆ, ಹುಲ್ಲು ಬಿತ್ತಲಾಗಿದೆ. ಹರಡಿದ್ದು ಮುಕ್ಕಾಲು ಪಾಲು. ಉಳಿದದ್ದು ಆರು ಮೀಟರ್ ಎತ್ತರದ ಗುಡ್ಡೆಯಾಗಿ, ಮೈತುಂಬ ಕಳೆ ಬೆಳೆಸಿಕೊಂಡು, ಬೋರಲು ಹಾಕಿದ ಕಡಾಯಿಯಂತೆ ಕೂತಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ರಾಜಧಾನಿ ಬಿಷ್ಕೆಕ್‌ನಿಂದ ಮಾಲೀಕರ ಫೋನ್ ಬಂತು. "ಇನ್‌ಸ್ಪೆಕ್ಟರ್ ನಿನ್ನ ವರದಿ ತಾಳೆ ನೋಡೋಕೆ ಹನ್ನೆರಡಕ್ಕೆ ಅಲ್ಲಿರ್ತಾರೆ. ಪರವಾನಗಿ ಹೋದ್ರೆ ನೀನೂ ಹೋದೆ."

"ಸಲಿಕೆ ತಗೊಳ್ಳೋಣ, ಬೈಕೆ," ಎಂದ ಲಾರಿ ಚಾಲಕ ತಾಬಿಲ್ಡಿ. ತನಗಿಂತ ಒಂದು ವರ್ಷ ದೊಡ್ಡವರಾದರೂ ಅವನಿಗೆ ಅಣ್ಣಂದಿರೇ, ಬೈಕೆಗಳೇ.

"ಐನೂರು ಘನಮೀಟರ್ ಮಣ್ಣು ಕಣೋ! ಇಬ್ರೇ ಎತ್ತಿದ್ರೆ ಒಂದೂವರೆ ತಿಂಗಳು."

"ಹಾಗಾದ್ರೆ ಮೊದಲು ಟೀ ಕುಡಿಯೋಣ."

ಆಗ ಬೇಲಿಯಾಚೆಯಿಂದ ಸಾಲ್ಕಿನ್ ಅಪಾಳ ತಲೆವಸ್ತ್ರ ಕಾಣಿಸಿತು. ಊರಿಗೆಲ್ಲ ಅಪಾ, ಅಂದರೆ ಅವ್ವ, ಎನಿಸಿಕೊಂಡ ಈ ಮುದುಕಿಯ ಮನೆ ಗಣಿಗೆ ಅಂಟಿಕೊಂಡೇ ಇತ್ತು. ಬೆಳಿಗ್ಗೆ ಒಗೆದು ಹರವಿದ ಬಿಳಿ ಹಾಸು ಗಣಿಯ ಧೂಳಿಗೆ ಸಂಜೆಯೊಳಗೆ ಒಂಟೆಯ ಬಣ್ಣಕ್ಕೆ ತಿರುಗುತ್ತದೆ ಎಂದು ನಾಲ್ಕು ವರ್ಷದಲ್ಲಿ ಹನ್ನೊಂದು ಅರ್ಜಿ ಕೊಟ್ಟಿದ್ದಳು. ಅವಳನ್ನು ಕಂಡರೆ ಶಾರ್ಶೆನ್ ಲಾರಿ ಹಿಂದೆ ಅಡಗುತ್ತಿದ್ದ. ಇವತ್ತು ಅಡಗಲೂ ತ್ರಾಣವಿರಲಿಲ್ಲ.

"ಯಾಕೆ ಮಗಾ, ಮುಖ ಹುಳಿ ಹಾಲಿನ ಥರ ಒಡೆದುಹೋಗಿದೆ?"

ಅವನು ಎಲ್ಲವನ್ನೂ ಹೇಳಿಕೊಂಡ. ಮುದುಕಿ ಗುಡ್ಡೆಯನ್ನು ಒಮ್ಮೆ ಅಳೆಯುವಂತೆ ನೋಡಿದಳು.

"ಗುಡ್ಡೆ ಅಂದ್ರೆ ತೆಗೆದುಹಾಕು ಅಂತಾರೆ. ಮಜಾರ್ ಅಂದ್ರೆ? ಪುಣ್ಯವಂತರ ಗೋರಿ ಮುಟ್ಟೋ ಗಂಡು ಯಾವನಿದಾನೆ? ನೆತ್ತಿ ಮೇಲೊಂದು ಪೊದೆ ನೆಡು, ಬಟ್ಟೆ ಚೂರು ಕಟ್ಟು. ಸಾಕು."

ಶಾರ್ಶೆನ್‌ಗೆ ಅವಳ ಕೈಗೆ ಮುತ್ತಿಡಬೇಕು ಅನ್ನಿಸಿತು. ಹತ್ತು ಗಂಟೆಯೊಳಗೆ ಗುಡ್ಡೆಯ ಮೇಲೆ ಮುಳ್ಳುಪೊದೆ ನಿಂತಿತು. ಕಟ್ಟಲು ಬಟ್ಟೆ ಸಾಲದೆ ಅವನ ಮದುವೆಯ ಅಂಗಿಯೇ ಚೂರುಚೂರಾಯಿತು. ತಾಬಿಲ್ಡಿ ಉತ್ಸಾಹ ತಡೆಯಲಾರದೆ ಮಾವನ ಮನೆ ಬಾಗಿಲ ಮೇಲಿದ್ದ ಕಾಡುಮೇಕೆಯ ಕೊಂಬನ್ನೂ ಕಿತ್ತುತಂದು ಊರಿದ.

"ಅತಿಯಾಯ್ತೇನೋ?"

"ಸುಮ್ನಿರಿ ಬೈಕೆ, ಮುನ್ನೂರು ವರ್ಷ ಹಳೇದು ಅನ್ನಿಸ್ತಿದೆ. ನನಗೇ ಭಯವಾಗ್ತಿದೆ."

ಭಯವಾದದ್ದು ಅವನೊಬ್ಬನಿಗಲ್ಲ. ಹತ್ತೂವರೆಗೆ ದಾರಿಯಲ್ಲಿ ಹೋಗುತ್ತಿದ್ದ ಟ್ಯಾಕ್ಸಿ ನಿಂತಿತು. ಚಾಲಕ ಇಳಿದು, ಅಂಗೈ ಬಿಚ್ಚಿ ಪ್ರಾರ್ಥಿಸಿ, ಮುಖ ಸವರಿಕೊಂಡು ಹೊರಟ. ಹನ್ನೊಂದಕ್ಕೆ ಹೆಂಗಸರು ಬಿಸಿ ಬೋರ್ಸೋಕ್ ಕರಿದು ಬುಟ್ಟಿಯಲ್ಲಿ ತಂದರು. ಹನ್ನೊಂದೂವರೆಗೆ ಯಾರೋ ಒಂದು ಕುರಿಯನ್ನೇ ಎಳೆದು ತಂದರು. ಅಂಗಿಯ ಚೂರು ಕಟ್ಟಿದವಳೇ ಆದ ಶಾರ್ಶೆನ್‌ನ ಹೆಂಡತಿ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹನ್ನೆರಡಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಎರ್ಮೆಕ್ ಒಸ್ಮೋನೊವಿಚ್ ಇಳಿದರು. ಕೈಯಲ್ಲಿ ಅಳತೆ ಟೇಪು, ಕಂಕುಳಲ್ಲಿ ವರದಿ. ಗುಡ್ಡೆ ಕಂಡದ್ದೇ ಟೋಪಿ ಸರಿಪಡಿಸಿಕೊಂಡು ಅಂಗೈ ಬಿಚ್ಚಿದರು. ಆಮೇಲೆ ಬೋರ್ಸೋಕ್ ಬಾಯಿಗೆ ಹಾಕಿಕೊಂಡು ಕೇಳಿದರು:

"ಯಾರ ಮಜಾರ್ ಇದು?"

ಶಾರ್ಶೆನ್ ಇದನ್ನು ಯೋಚಿಸಿರಲೇ ಇಲ್ಲ.

"ಇವನದೇ ಏಳನೇ ಅಜ್ಜ," ಎಂದಳು ಸಾಲ್ಕಿನ್ ಅಪಾ. "ಹೇಳು ಮಗಾ, ನಾಚಿಕೆ ಯಾಕೆ?"

ಏಳು ತಲೆಮಾರಿನ ಅಜ್ಜಂದಿರ ಹೆಸರು ಬಾರದವನನ್ನು ಊರಲ್ಲಿ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾರ್ಶೆನ್ ಬೆವರುತ್ತ ಒಂದೊಂದೇ ಹೆಸರು ಹೇಳುತ್ತ ಹೋಗಿ, "...ಅವನ ಅಪ್ಪ ತೋಕ್ಸೋಬಾ," ಎಂದು ನಿಲ್ಲಿಸಿದ. ಊರೆಲ್ಲ ಒಟ್ಟಿಗೆ ಮುಖ ಸವರಿಕೊಂಡಿತು. ತೋಕ್ಸೋಬಾ ಅಜ್ಜ ನಿಜವಾಗಿ ಸತ್ತದ್ದು ಇಲ್ಲಿಂದ ಮುನ್ನೂರು ಕಿಲೋಮೀಟರ್ ಆಚೆಗೆ.

ಇನ್‌ಸ್ಪೆಕ್ಟರ್ ಹರಡಿದ ಮಣ್ಣನ್ನು ಕೆದಕಿ ನೋಡಿದರು, ಹುಲ್ಲು ಎಳೆದು ನೋಡಿದರು, ಬರೆದುಕೊಂಡರು. "ಗುಂಡಿ ಮುಚ್ಚಿದ ಕೆಲಸ ಚೆನ್ನಾಗಿದೆ. ಗುಡ್ಡೆ ಮಜಾರ್, ಮುಟ್ಟೋ ಹಾಗಿಲ್ಲ." ಶಾರ್ಶೆನ್ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

"ಹಾಗೇ," ಎಂದು ಅವರು ನಕ್ಷೆ ಬಿಚ್ಚಿದರು, "ಮಜಾರ್ ಸುತ್ತ ಮುನ್ನೂರು ಮೀಟರ್ ಅಗೆಯೋ ಹಾಗೂ ಇಲ್ಲ. ನಿಮ್ಮ ಗಣಿಯ ಆ ಕೊನೆ ಎಷ್ಟು ದೂರ?"

"ಇನ್ನೂರ ಅರವತ್ತು," ಎಂದ ತಾಬಿಲ್ಡಿ. ಲೆಕ್ಕದಲ್ಲಿ ಅವನು ಯಾವತ್ತೂ ತಪ್ಪಿದವನಲ್ಲ.

"ಅಂದ್ರೆ ಪೂರ್ತಿ ಗಣಿ ಒಳಗೇ ಬಂತು. ಇವತ್ತಿಂದ ಬಂದ್."

ಶಾರ್ಶೆನ್ ಅವರನ್ನು ಪಕ್ಕಕ್ಕೆ ಎಳೆದ. "ಎರ್ಮೆಕ್ ಒಸ್ಮೋನೊವಿಚ್, ಅದರೊಳಗೆ ಯಾರೂ ಇಲ್ಲ! ಬರೀ ಮಣ್ಣು!"

"ಹೌದಾ? ಹಾಗಾದ್ರೆ ಮಣ್ಣು ಪೂರ್ತಿ ಹರಡಿದೆ ಅಂತ ಸಹಿ ಹಾಕಿದ್ದು ಸುಳ್ಳು. ಅದಕ್ಕೆ ಕೋರ್ಟು." ಅವರು ಪೆನ್ನಿನ ಮುಚ್ಚಳ ತೆಗೆದರು. "ಹೇಳಿ, ಏನು ಬರೀಲಿ? ಮಣ್ಣಾ, ಅಜ್ಜನಾ?"

ಶಾರ್ಶೆನ್ ಕುರಿಯತ್ತ ನೋಡಿದ, ಹೆಂಡತಿಯತ್ತ ನೋಡಿದ.

"ಅಜ್ಜ," ಎಂದ.

ಅಷ್ಟರಲ್ಲಿ ನೆಲ ಗಡಗಡ ನಡುಗಿತು. ಮೈಯೆಲ್ಲ ಕೆಸರಾದ ಬುಲ್ಡೋಜರ್ ಏರಿನಲ್ಲಿ ಕಾಣಿಸಿತು. ಮೇಲೆ ಹೆಂಡತಿಯ ತಮ್ಮ ಹಲ್ಲು ಬಿಡುತ್ತ ಕೂತಿದ್ದ.

"ಭಾವಾ, ತಂದುಬಿಟ್ಟೆ! ಗುಡ್ಡೆ ಎತ್ಲಾಗೆ ತಳ್ಳಲಿ?"

ಅರವತ್ತು ಜನ ಒಟ್ಟಿಗೆ ಅವನ ಕಡೆ ತಿರುಗಿದರು. ಎಲ್ಲರ ಮುಂದೆ, ಕೈಯಗಲಿಸಿ, ಅಜ್ಜನ ಗೋರಿಗೆ ಅಡ್ಡ ನಿಂತವಳು ಶಾರ್ಶೆನ್‌ನ ಹೆಂಡತಿ.

ಸಾಲ್ಕಿನ್ ಅಪಾ ಮಾತ್ರ ಆ ಗುಂಪಿನಲ್ಲಿರಲಿಲ್ಲ. ಅವಳು ಬೇಲಿಯಾಚೆ, ತನ್ನ ಅಂಗಳದಲ್ಲಿ, ಮನೆಯ ಬಿಳಿ ಹಾಸುಗಳನ್ನೆಲ್ಲ ಒಂದೊಂದಾಗಿ ಕೊಡವಿ ಹಗ್ಗಕ್ಕೆ ಹರವುತ್ತಿದ್ದಳು.