ದೊಡ್ಡಪ್ಪ ಕೆಮ್ಮಿದರೆ ಬೆಳಕು

ಮದುವೆ ಮನೆಯಲ್ಲಿ ಕರೆಂಟು ಇರುವಷ್ಟು ಹೊತ್ತು ಜನರೇಟರಿನವನನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹೋದ ಕೂಡಲೇ ಮದುಮಗನನ್ನೂ ಬಿಟ್ಟು ಎಲ್ಲರೂ ಅವನನ್ನೇ ನೋಡುತ್ತಾರೆ. ಇಂಥ ಕಸುಬಿನಲ್ಲಿ ನಗುವ ಸಂಗತಿಗಳಿಗೆ ಬರವೇ? ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ನಾನು ತಂತಿ ಎಳೆಯದ ಹಟ್ಟಿ ಕಡಿಮೆ, ನಗದೆ ವಾಪಸು ಬಂದ ಊರು ಇನ್ನೂ ಕಡಿಮೆ.

ನನ್ನ ಬಳಿ ಇರುವುದು ಎರಡು ಜನರೇಟರು. ಟ್ರ್ಯಾಕ್ಟರಿನ ಹಿಂದೆ ಟ್ರಾಲಿಯ ಮೇಲೆ ಕೂತು ಬರುವ ದೊಡ್ಡದು ‘ದೊಡ್ಡಪ್ಪ’. ಶುರುವಾಗುವ ಮೊದಲು ಅದು ಗಂಟಲು ಕಟ್ಟಿದ ಹಿರಿಯರ ಹಾಗೆ ಕೆಮ್ಮುತ್ತದೆ. ಆಟೋದಲ್ಲಿ ಹೋಗುವ ಸಣ್ಣದು ‘ಚಿಕ್ಕಪ್ಪ’. ಹೆಸರಿಟ್ಟವಳು ನನ್ನ ಹೆಂಡತಿ. ಕರೆಂಟು ಹಂಚುವುದನ್ನು ಕಲಿಸಿದವಳೂ ಅವಳೇ. ಮೊದಮೊದಲು ನಾನು ಎಲ್ಲವನ್ನೂ ಒಂದೇ ತಂತಿಗೆ ಸಿಕ್ಕಿಸಿ, ಅಡುಗೆಯವರು ಗ್ರೈಂಡರ್ ಹಾಕಿದಾಗಲೆಲ್ಲ ಮಂಟಪದ ದೀಪ ಆರಿಸುತ್ತಿದ್ದೆ. ಅವಳು ಒಮ್ಮೆ ಬಂದು ನೋಡಿದಳು.

“ಮೂರು ತಂತಿ ಮಾಡ್ರಿ. ಒಂದು ದೇವ್ರಿಗೆ, ಒಂದು ಒಲೆಗೆ, ಒಂದು ಬೀಗ್ರಿಗೆ. ದೇವ್ರಿಗೆ ಎಣ್ಣೆ ದೀಪ ಐತೆ, ಒಲೆಗೆ ಬೆಂಕಿ ಐತೆ. ಬೀಗ್ರ ಫ್ಯಾನ್ ಮಾತ್ರ ನಿಲ್ಲಬಾರ್ದು.”

ಇವತ್ತಿಗೂ ಇದೇ ನನ್ನ ಕಸುಬಿನ ಮೂಲಮಂತ್ರ. ಇಷ್ಟೆಲ್ಲ ಮಾಡಿಕೊಟ್ಟವಳು ನನ್ನಿಂದ ಕೇಳಿದ್ದು ಒಂದೇ ಒಂದು ಮಾತು. “ನಮ್ಮ ಮಗಳ ಮದುವೆ ದಿನ ದೊಡ್ಡಪ್ಪ ಬೇರೆ ಎಲ್ಲಿಗೂ ಹೋಗಂಗಿಲ್ಲ. ನಮ್ಮನೇಲೇ ಇರ್ಬೇಕು.” ಆಯ್ತು ಮಾರಾಯ್ತಿ, ಅಂದಿದ್ದೆ. ಕೊಟ್ಟ ಮಾತಿಗೆ ತಪ್ಪದವನು ಎಂದು ಎರಡೂ ತಾಲ್ಲೂಕಿನಲ್ಲಿ ನನಗೆ ಹೆಸರಿದೆ. ಆ ಹೆಸರಿನ ಗತಿ ಏನಾಯಿತು ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ಜಾಸ್ತಿಯಾದ ಕರೆಂಟು

ನನ್ನಿವಾಳದ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವ. ಊರಲ್ಲಿ ಮಧ್ಯಾಹ್ನದಿಂದಲೇ ಕರೆಂಟಿಲ್ಲ. ಸಂಜೆ ಚಿಕ್ಕಪ್ಪನನ್ನು ಇಳಿಸಿ ಮೈಕು, ದೀಪ ಎರಡಕ್ಕೇ ಸರಿಯಾಗಿ ಲೆಕ್ಕ ಹಾಕಿ ತಂತಿ ಕೊಟ್ಟೆ. ಮಕ್ಕಳು ಕುಣಿಯಲು ನಿಂತರೋ ಇಲ್ಲವೋ, ಚಿಕ್ಕಪ್ಪ ಏದುಸಿರು ಬಿಟ್ಟು ನಿಂತ. ಮತ್ತೆ ಹಾಕಿದೆ, ಮತ್ತೆ ನಿಂತ. ತಂತಿ ಹಿಡಿದು ನಡೆದರೆ ಶಾಲೆಯ ಹಿಂದಿನ ಕಿಟಕಿಯಿಂದ ಇನ್ನೊಂದು ತಂತಿ ಹೊರಗೆ ಹೋಗಿದೆ. ಅದರಿಂದ ಮತ್ತೊಂದು, ಅದರಿಂದ ಇನ್ನೊಂದು ಮನೆಗೆ. ಜನರೇಟರು ಶಾಲೆಗೆ ಬಂದಿದೆ ಅಂದುಕೊಂಡವನು ನಾನೊಬ್ಬನೇ. ಊರಿನವರ ಪ್ರಕಾರ ಅದು ಊರಿಗೆ ಬಂದಿತ್ತು. ಫೋನುಗಳು, ಟಿವಿ, ಯಾರದೋ ಮನೆಯ ದೋಸೆ ಹಿಟ್ಟು, ಎಲ್ಲವೂ ಪಾಪ ಚಿಕ್ಕಪ್ಪನ ತಲೆ ಮೇಲೆ.

ತೆಗೆಯಿರಿ ಎಂದು ಕೂಗಿದೆ. ಹಾಕಿದವರು ನಾವಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಕುಣಿಯಲು ಬಣ್ಣ ಹಚ್ಚಿಕೊಂಡ ಮಕ್ಕಳ ಮುಖ ಸಣ್ಣದಾಯಿತು. ಆಗ ಹೆಡ್‌ಮೇಡಂ ಸುಮ್ಮನೆ ಎದ್ದು ಬಂದು, ಬ್ಯಾಟರಿ ಮೈಕು ಹಿಡಿದು ತಣ್ಣಗೆ ಹೇಳಿದರು: “ಈ ಜನರೇಟರಲ್ಲಿ ಇವತ್ತು ಕರೆಂಟು ಜಾಸ್ತಿ ಬರ್ತಾ ಐತಂತೆ. ಫೋನು, ಟಿವಿ ಸುಟ್ಟೋದ್ರೆ ಶಾಲೆ ಜವಾಬ್ದಾರಿ ಅಲ್ಲ.”

ಕುರಿ ಹಿಂಡಿಗೆ ನಾಯಿ ನುಗ್ಗಿದ ಹಾಗೆ ಜನ ಮನೆಕಡೆ ಓಡಿದರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತಂತಿಗಳೆಲ್ಲ ಮಾಯ. ಚಿಕ್ಕಪ್ಪ ನಿರಾಳವಾಗಿ ಹಾಡತೊಡಗಿದ, ಮಕ್ಕಳು ಕುಣಿದರು, ನಾನು ಮೇಡಂಗೆ ಮನಸ್ಸಲ್ಲೇ ಕೈ ಮುಗಿದೆ. ಆಮೇಲೆ ಒಬ್ಬ ಯಜಮಾನರು ಮೆಲ್ಲಗೆ ಪಕ್ಕಕ್ಕೆ ಬಂದು ಕಿವಿಯಲ್ಲಿ ಕೇಳಿದರು: “ಜಾಸ್ತಿ ಬರ್ತಿರೋದನ್ನ ಯಾಕ್ ವೇಸ್ಟ್ ಮಾಡ್ತೀಯಪ್ಪ? ನಮ್ಮ ಬೋರಿಗೆ ಯಾವಾಗ್ಲೂ ಕಮ್ಮಿ ಬೀಳ್ತೈತೆ, ಅತ್ಲಾಗೆ ಬಿಡು.”

ಕಾಯುವ ದೇವರು

ನಮ್ಮ ಕಡೆ ನೆಲ ಒಣ ನೆಲ. ಜನರೇಟರು ಇಟ್ಟ ಕಡೆ ಒಂದು ಕಬ್ಬಿಣದ ಸಲಾಕೆ ಹೂತು, ಸುತ್ತ ಉಪ್ಪು ಹಾಕಿ ನೀರು ಸುರಿಯಬೇಕು. ಎಲ್ಲಾದರೂ ಕರೆಂಟು ಸೋರಿದರೆ ಅದು ಮನುಷ್ಯರ ಮೈಗೆ ಹೊಡೆಯದೆ ಸಲಾಕೆಯ ದಾರಿ ಹಿಡಿದು ಭೂಮಿಗೆ ಇಳಿಯುತ್ತದೆ. ಒಂದು ಹಟ್ಟಿಯಲ್ಲಿ ಮಗುವಿನ ನಾಮಕರಣ. ಸಲಾಕೆ ಅಲ್ಲಾಡಿಸಲು ಬಂದ ಮಕ್ಕಳನ್ನು ಗದರಿದೆ: “ಮುಟ್ಟಬ್ಯಾಡ್ರಲೇ! ನಮ್ಮನ್ನೆಲ್ಲ ಕಾಯೋದು ಇದೇ.”

ಊಟ ಮುಗಿಸಿ ಬಂದು ನೋಡುತ್ತೇನೆ, ಸಲಾಕೆಗೆ ಅರಿಶಿನ, ಕುಂಕುಮ, ಕಣಗಿಲೆ ಹೂವು. ಪಕ್ಕದಲ್ಲಿ ಮಗುವಿನ ಮುತ್ತಜ್ಜಿ ಕೈ ಮುಗಿದು ಕೂತಿದ್ದಾರೆ.

“ಇದೇನವ್ವ?” ಅಂದೆ.

“ಉಪ್ಪು ನೀನೇ ಹಾಕ್ದೆ, ನೀರು ನೀನೇ ಹಾಕ್ದೆ. ಅರಿಶಿನ ಮರೆತಿದ್ದೆ, ನಾನು ಹಾಕ್ದೆ.”

ಕೀಳಲು ಹೋದರೆ ಅಜ್ಜಿ ಅಡ್ಡ ಕೂತರು. “ಕೂಸು ಇಲ್ಲೇ ಇರ್ತೈತೆ. ಕಾಯೋನ್ನ ಕಿತ್ಕಂಡು ಹೋಗ್ತೀಯಾ?” ಮಗುವಿಗೆ ಉಡುಗೊರೆ ಎಂದುಕೊಂಡು ಸಲಾಕೆ ಬಿಟ್ಟು ಬಂದೆ. ಮರುವರ್ಷ ಆ ಹಟ್ಟಿಯಿಂದ ಫೋನು: “ಅಣ್ಣ, ನೀವು ನೆಟ್ಟೋದ ದೇವ್ರಿಗೆ ಪೂಜೆ ಇಟ್ಕಂಡೀವಿ. ಮೈಕಿಗೆ ಜನರೇಟರ್ ತಗಂಡು ಬರ್ರಿ.”

ಭಾಷಣ ನಿಲ್ಲಿಸುವ ಹಸು

ವರವು ಕಾವಲ್ ಹುಲ್ಲುಗಾವಲಿನ ಆಚೆಯ ಒಂದು ಊರಲ್ಲಿ ಹಾಲಿನ ಡೇರಿ ಶುರುವಾಗುವ ದಿನ. ದನ ಕಾಯುವ ಅಜ್ಜನೊಬ್ಬರು ಬಂದು, “ಆ ಸದ್ದಿಗೆ ನಮ್ಮ ದನ ಬೆದರ್ತವೆ, ದೂರ ಇಡಪ್ಪ” ಅಂದರು. ಜಾಲಿ ಗಿಡಗಳ ಆಚೆ ದೊಡ್ಡಪ್ಪನನ್ನು ನಿಲ್ಲಿಸಿ ಉದ್ದಕ್ಕೆ ತಂತಿ ಎಳೆದೆ.

ಮುಖ್ಯ ಅತಿಥಿಗಳು ಮಾತು ಶುರು ಮಾಡಿದರು. ಹಾಲಿನಿಂದ ಹೊರಟು, ದೇಶ ಸುತ್ತಿ, ತಮ್ಮ ಬಾಲ್ಯಕ್ಕೆ ಬಂದರು. ಅಲ್ಲಿಗೆ ಮೈಕು ನಿಂತಿತು. ಓಡಿಹೋಗಿ ನೋಡಿದರೆ, ಬೆದರಬೇಕಾದ ದನಗಳಲ್ಲಿ ಒಂದು ಹಸು ಟ್ರಾಲಿಗೆ ಮೈ ಒರಗಿಸಿ ಹಾಯಾಗಿ ತುರಿಸಿಕೊಳ್ಳುತ್ತಿದೆ. ಅದು ಉಜ್ಜಿದ ರಭಸಕ್ಕೆ ಪ್ಲಗ್ಗು ಸಡಿಲವಾಗಿತ್ತು. ಸರಿಮಾಡಿ ಬಂದೆ. ಅತಿಥಿಗಳು ಬಾಲ್ಯದಿಂದ ಕಾಲೇಜಿಗೆ ಬರುವಷ್ಟರಲ್ಲಿ ಮತ್ತೆ ನಿಂತಿತು. ಮತ್ತೆ ಅದೇ ಹಸು. ಜನ ಚಪ್ಪಾಳೆ ತಟ್ಟಿದರು. ಅತಿಥಿಗಳೂ ದೊಡ್ಡ ಮನುಷ್ಯರು, ನಗುತ್ತಾ ಕೈ ಮುಗಿದು, “ಹಾಲು ಕೊಡೋರೇ ಸಾಕು ಅಂತಿದಾರೆ” ಎಂದು ಕೂತುಬಿಟ್ಟರು. ಹಿಂಬದಿ ಹಸಿದು ಕೂತಿದ್ದವರೆಲ್ಲ ಹಸುವನ್ನು ಹರಸಿ ಊಟಕ್ಕೆ ಎದ್ದರು.

ಈಗ ಆ ಊರಿನವರು ಸಭೆಗೆ ಜನರೇಟರು ಹೇಳುವಾಗ ಅಜ್ಜ ಫೋನು ಇಸಿದುಕೊಂಡು ಕೇಳುತ್ತಾರೆ: “ಭಾಷಣ ಮಾಡೋರು ಯಾರಂತಪ್ಪ? ಹಸು ಕಟ್ಟನಾ, ಬಿಡನಾ?”

ಕರೆಂಟಿಗೆ ಪಟ್ಟು

ಯಾವ ತಂತಿ ಯಾವುದಕ್ಕೆ ಎಂದು ಗುರುತಿಗೆ ನನ್ನ ಹೆಂಡತಿ ಹಳೆಯ ರೇಷ್ಮೆ ಸೀರೆಯ ಅಂಚು ಕತ್ತರಿಸಿ ಕಟ್ಟಿಕೊಟ್ಟಿದ್ದಳು. ಕೆಂಪು ದೇವರ ಕಡೆಯ ದೀಪ, ಮೈಕಿಗೆ, ಹಳದಿ ಅಡುಗೆಗೆ, ಹಸಿರು ಬೀಗರ ಫ್ಯಾನಿಗೆ. ಎಲ್ಲ ಕಡೆ ನಡೆದ ಈ ಏರ್ಪಾಡು ಮೊಳಕಾಲ್ಮೂರಿನಲ್ಲಿ ನಡೆಯಲಿಲ್ಲ.

ನೇಕಾರರ ಮನೆಯಲ್ಲಿ ಸೀಮಂತ. ಸೋಬಾನೆ ಹಾಡುವ ಹೆಂಗಸರು ಮೈಕಿನ ಮುಂದೆ ಕೂತಿದ್ದರು. ಮೈಕು ಕುಂಯ್ ಎಂದು ಕಿರುಚತೊಡಗಿತು. ಆರಿಸೋಣವೆಂದು ಹೋದರೆ ತಂತಿಗಳ ಮೇಲೆ ಒಂದೂ ಬಟ್ಟೆಯಿಲ್ಲ. ಅಂದಾಜಿನಲ್ಲಿ ಒಂದು ಕಿತ್ತೆ. ಮೈಕು ಕಿರುಚುತ್ತಲೇ ಇತ್ತು, ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಅದನ್ನು ಹಾಕಿ ಇನ್ನೊಂದು ಕಿತ್ತೆ. ಬೀಗರು ಶಲ್ಯ ಬೀಸಿಕೊಳ್ಳುತ್ತಾ ಎದ್ದು ಬಂದರು.

“ನನ್ನ ಬಟ್ಟೆ ತುಂಡು ಯಾರು ತೆಗೆದ್ರಿ?” ಎಂದು ಗೋಳಾಡಿದೆ. ಮನೆಯ ಹಿರಿಯಮ್ಮ ದೇವರ ಗೂಡಿನತ್ತ ಕೈ ತೋರಿದರು. ಮೂರೂ ಅಂಚು ಧೂಳು ಕೊಡವಿಸಿಕೊಂಡು, ನೀಟಾಗಿ ಮಡಚಿಸಿಕೊಂಡು ದೇವರ ಮುಂದೆ ಕೂತಿದ್ದವು. “ಇದಿ ಪಟ್ಟು ಕದಾ, ರೇಷ್ಮೆ ಅಲ್ವಾ! ನೇಯ್ದೋರ ಮನೇಲಿ ಪಟ್ಟು ಮಣ್ಣಾಗೆ ಬಿದ್ದಿದ್ರೆ ನೋಡ್ಕಂಡು ಕೂರ್ತಾರೇನಪ್ಪ?”

ಆ ಕೈಗಳ ಮೇಲೆ ನನಗೆ ಗೌರವ ಉಕ್ಕಿತು. ಎಳೆ ಎಳೆ ಕೂಡಿಸಿ ನೇಯ್ದವರಿಗೆ ಗೇಣುದ್ದದ ಹಳೆ ಅಂಚೂ ಸೀರೆಯೇ. ಹೊರಡುವಾಗ ಹಿರಿಯಮ್ಮ ಮೂರು ಬಣ್ಣದ ನೂಲಿನ ಬಟ್ಟೆ ಕೈಗಿಟ್ಟು ಬುದ್ಧಿ ಹೇಳಿದರು: “ನಿನ್ನ ಹೆಂಡ್ತಿಗೆ ಹೇಳು, ಕರೆಂಟಿಗೆ ಕಾಟನ್ ಸಾಕು. ಪಟ್ಟು ಅವಳು ಉಟ್ಕಳ್ಳಿ.”

ಗಿರಾಕಿ

ಕೊನೆಗೂ ನಮ್ಮ ಮಗಳ ಮದುವೆ ಗೊತ್ತಾಯಿತು. ಚಳ್ಳಕೆರೆಯ ನಮ್ಮ ಮನೆ ಮುಂದೆಯೇ ಚಪ್ಪರ. ಒಳ್ಳೆಯ ಲಗ್ನ, ಊರ ತುಂಬ ಮದುವೆಗಳು. ಚಿಕ್ಕಪ್ಪ ಮೊದಲೇ ಬುಕ್ ಆಗಿದ್ದ. ಅಷ್ಟರಲ್ಲಿ ಮೊಳಕಾಲ್ಮೂರಿನಿಂದ ಒಬ್ಬರ ಫೋನು: “ಅವತ್ತೇ ಮದುವೆ ಐತ್ರಿ. ದೊಡ್ಡಪ್ಪನೇ ಬೇಕು.” ಆಗಲ್ಲ, ಅವತ್ತು ನನ್ನ ಮಗಳ ಮದುವೆ ಎಂದೆ. “ನಮ್ದೂ ಹೆಣ್ಣು ಮಗಳ ಮದುವೇನೇ ಸ್ವಾಮಿ. ಬೀಗರ ಮುಂದೆ ಮರ್ಯಾದೆ ಹೋಗ್ತೈತೆ. ನಿಮ್ಮನ್ನ ಬಿಟ್ರೆ ಯಾರಿದಾರೆ?” ಎಂದು ಆ ಮನುಷ್ಯ ಗದ್ಗದಿತನಾದ. ಪೇಟೆಯಲ್ಲಿ ಕರೆಂಟು ಹೋಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಮಾತು ಕೊಟ್ಟುಬಿಟ್ಟೆ. ಜಾಗ ಯಾವುದೆಂದು ನಿಮ್ಮ ಟ್ರ್ಯಾಕ್ಟರ್ ಡ್ರೈವರಿಗೇ ಹೇಳುತ್ತೇವೆ ಎಂದರು. ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ವಿಚಿತ್ರವೆಂದರೆ ಅವಳೂ ಏನೂ ಕೇಳಲಿಲ್ಲ.

ಮದುವೆಯ ಬೆಳಿಗ್ಗೆ ಬೀಗರು ಬಂದು ಕೂತರು. ಪಾನಕ ಕೊಟ್ಟೆವು. ಕರೆಂಟು ಹೋಯಿತು. ಮೈಕು ನಿಂತಿತು, ಗ್ರೈಂಡರ್ ನಿಂತಿತು, ಫ್ಯಾನು ಮೆಲ್ಲಗೆ ಸುತ್ತಿ ಸುತ್ತಿ ನಿಂತಿತು. ಬೀಗರು ಪಕ್ಕದವರಿಗೆ ಧೈರ್ಯ ಹೇಳಿದರು: “ಜನರೇಟರ್ ಮನೆ ಹೆಣ್ಣು ತರ್ತಿದೀವಿ. ನಮಗೇನ್ ಭಯ?” ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಂಟಪದಲ್ಲಿ ಕೂತ ಮಗಳು ನನ್ನನ್ನೇ ನೋಡುತ್ತಿದ್ದಳು.

ಆಗ ಹಿಂದಿನ ಬೀದಿಯಿಂದ ಒಂದು ಕೆಮ್ಮು ಕೇಳಿತು. ಎರಡನೇ ಕೆಮ್ಮು. ಆಮೇಲೆ ದಡದಡ ಸದ್ದು. ಫ್ಯಾನು ತಿರುಗಿತು, ಮೈಕಿನಲ್ಲಿ ವಾಲಗ ಮೊಳಗಿತು, ಚಪ್ಪರವೆಲ್ಲ ಬೆಳಗಿತು.

ಓಡಿದೆ. ಹಿಂದಿನ ಬೀದಿಯಲ್ಲಿ ದೊಡ್ಡಪ್ಪ ನಿಂತಿದ್ದ, ಪಕ್ಕದಲ್ಲಿ ಡ್ರೈವರ್. ಸಂತೋಷ ಪಡುವ ಬದಲು ನನಗೆ ಪಿತ್ತ ನೆತ್ತಿಗೇರಿತು.

“ಲೇ, ಇಲ್ಲಿಗ್ಯಾಕೆ ತಂದ್ಯೋ? ಅಲ್ಲಿ ಯಾರದೋ ಹೆಣ್ಣು ಮಗಳ ಮದುವೆ ಐತೆ, ಮಾತು ಕೊಟ್ಟೀನಿ! ಬಿಚ್ಚು, ತಗಂಡು ಹೋಗು!” ಎಂದು ಪ್ಲಗ್ಗಿಗೆ ಕೈ ಹಾಕಿದೆ.

“ಅಣ್ಣ, ಕೀಳಬ್ಯಾಡ! ಇದೇ ಆ ಮದುವೆ!” ಎಂದು ಅವನು ನನ್ನ ಕೈ ಹಿಡಿದುಕೊಂಡ.

ತಂತಿಗಳನ್ನು ನೋಡಿದೆ. ದೇವರಿಗೆ ಒಂದು, ಒಲೆಗೆ ಒಂದು, ಬೀಗರಿಗೆ ಒಂದು, ಮೂರಕ್ಕೂ ಕಾಟನ್ ಬಟ್ಟೆ ಕಟ್ಟಿದೆ. ತಲೆ ಎತ್ತಿದರೆ ಹೊಸ ಮೊಳಕಾಲ್ಮೂರು ಸೀರೆ ಉಟ್ಟು ನನ್ನ ಹೆಂಡತಿ ನಿಂತಿದ್ದಾಳೆ. ಅವಳ ಬೆನ್ನ ಹಿಂದೆ ಅವಳ ತವರಿನ ಕಡೆಯ ದೂರದ ನೆಂಟರೊಬ್ಬರು ನಗು ತಡೆಯುತ್ತಾ, ಫೋನಿನಲ್ಲಿ ಕೇಳಿದ್ದ ಅದೇ ಗದ್ಗದ ದನಿಯಲ್ಲಿ, “ನಿಮ್ಮನ್ನ ಬಿಟ್ರೆ ಯಾರಿದಾರೆ ಸ್ವಾಮಿ?” ಎಂದರು.

“ಇದೇನೇ ಇದು?” ಅಂದೆ.

ಅವಳು ನನ್ನ ಕೈಯನ್ನು ಪ್ಲಗ್ಗಿನಿಂದ ಬಿಡಿಸಿ, ಹೆಗಲ ಮೇಲಿನ ಶಲ್ಯ ಸರಿಮಾಡಿದಳು.

“ಹೆಂಡ್ತಿಗೆ ಕೊಟ್ಟ ಮಾತು ನಿಮಗೆ ನೆನಪಿರಲ್ಲ, ಗಿರಾಕಿಗೆ ಕೊಟ್ಟ ಮಾತು ತಪ್ಪಲ್ಲ. ಅದಕ್ಕೇ ಗಿರಾಕಿ ಆದೆ. ಈಗ ನಡೀರಿ, ಧಾರೆಗೆ ಹೊತ್ತಾಯ್ತು. ಕೀಳೋಕೆ ಬಂದಿದ್ದು ನಿಮ್ಮ ಮಗಳ ಮದುವೆ ಕರೆಂಟು.”