ಬೆಲ್ ಹೊಡೆಯೋವರೆಗೂ ನಡಿ

ಡ್ರಾಯಿಂಗ್ ಮೇಷ್ಟ್ರು ಕೋಡಿಂಗ್ ಮೇಷ್ಟ್ರಾದದ್ದು ತಮ್ಮ ಬಾಯಿಂದಲೇ. ಡ್ರಾಯಿಂಗ್ ಪೀರಿಯಡ್ ಬೇಡ, ಅದರ ಬದಲು ಕಂಪ್ಯೂಟರಿಗೆ ಅಪ್ಪಣೆ ಬರೆಯುವ ಕೋಡಿಂಗ್ ಇರಲೆಂದು ಹೆಡ್ ಮೇಡಂ ತೀರ್ಮಾನಿಸಿದಾಗ, ಕೆಲಸ ಹೋಗುವ ಭಯಕ್ಕೆ, "ಕೋಡಿಂಗ್ ನಾನ್ ಕಲಿಸ್ತೀನಿ ಮೇಡಂ, ಆಟ ಆಡಿಸ್ತಾನೇ ಕಲಿಸ್ತೀನಿ" ಎಂದುಬಿಟ್ಟಿದ್ದರು. ಶಾಲೆಯ ಏಕೈಕ ಕಂಪ್ಯೂಟರು ಮೇಡಂ ಕೋಣೆಯಲ್ಲಿ ಟೇಬಲ್ ಕ್ಲಾತು ಹೊದ್ದು ಮಲಗಿತ್ತು. ಇವತ್ತು ಇನ್ಸ್‌ಪೆಕ್ಟರು ಬಂದು ಪಾಠ ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮೇಷ್ಟ್ರು ಮನೆಗೆ.

ಮೇಷ್ಟ್ರು ರಟ್ಟಿನ ಡಬ್ಬ ತಲೆಗೆ ಹಾಕಿಕೊಂಡು, ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ, ತಾವೇ ರೋಬೋಟಾದರು.

"ಕೇಳ್ರಪ್ಪಾ, ರೋಬೋಟಿಗೆ ಸ್ವಂತ ಬುದ್ಧಿ ಇಲ್ಲ. ಹೇಳಿದಷ್ಟೇ ಮಾಡತ್ತೆ. ತಾನಾಗಿ ನಿಲ್ಲಲ್ಲ, ತಾನಾಗಿ ಮಾತಾಡಲ್ಲ. ಒಂದು ಕೆಲ್ಸ ಮುಗಿಯೋವರೆಗೂ ಇನ್ನೊಂದು ಕೇಳಲ್ಲ."

ಎರಡು ಜಡೆಯ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಅಪ್ಪಣೆ ಕೊಟ್ಟಳು. "ಮುಂದೆ ನಡಿ. ಗೋಡೆ ಸಿಕ್ರೆ ಬಲಕ್ಕೆ ತಿರುಗು. ಬೆಲ್ ಹೊಡೆಯೋವರೆಗೂ ಹೀಗೇ ಮಾಡು."

ಹುಡುಗಿ ಚುರುಕು ಎಂದು ಹಿಗ್ಗುತ್ತಾ ಮೇಷ್ಟ್ರು ಹೊರಟರು. ಬಕೆಟ್ ಎಡವಿ ಷೂ ತುಂಬ ನೀರಾಯಿತು. ಲೆಕ್ಕದ ಟೀಚರ್ ಎದುರಾಗಿ, "ಹೇಗೂ ಆ ಕಡೆ ಹೋಗ್ತಿದೀರಲ್ಲ" ಎಂದು ಪುಸ್ತಕದ ಕಟ್ಟನ್ನು ಅವರ ಕೈಗೆ ತುರುಕಿದರು. ಪಿಟಿ ಮೇಷ್ಟ್ರು ಸೀಟಿ ಊದಿ, "ಮಂಡಿ ಮೇಲೆತ್ತಿ ಸ್ವಾಮಿ, ಏನ್ ನಡಿಗೆ ಇದು" ಎಂದರು. ಮೇಷ್ಟ್ರು ಬೆವರಿನಲ್ಲಿ ತೊಯ್ದು ತೊಪ್ಪೆಯಾದರು. ಆದರೂ ಬೆಲ್ ಹೊಡೆಯಲಿಲ್ಲ.

ಹೊಡೆಯುವುದಾದರೂ ಹೇಗೆ? ಬೆಲ್ ಹೊಡೆಯುವ ಜವಾನ ಕಂಬಕ್ಕೊರಗಿ, ಕಡಲೆಕಾಯಿ ಸುಲಿಯುತ್ತಾ ಈ ತಮಾಷೆಯನ್ನೇ ನೋಡುತ್ತಿದ್ದ. ಕೂಗಿ ಹೇಳೋಣವೆಂದರೆ ಅಷ್ಟರಲ್ಲಿ ಇನ್ಸ್‌ಪೆಕ್ಟರು ಬಂದು ಹೆಡ್ ಮೇಡಂ ಪಕ್ಕ ನಿಂತಿದ್ದರು. ಈಗ ನಿಯಮ ಮುರಿದರೆ ಪಾಠ ಹಾಳು, ಕೆಲಸವೂ ಹಾಳು. ಮೇಷ್ಟ್ರು ಹಲ್ಲು ಕಚ್ಚಿ ಗಾಣದೆತ್ತಿನಂತೆ ಸುತ್ತಿದರು.

ಕೊನೆಗೆ ಜಡೆಯವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ, ಬೆಲ್ ಹೊಡೆಯೋ ಅಣ್ಣ ಇಲ್ಲೇ ಇದಾರಲ್ರೋ. ಹೀಗಾದ್ರೆ ರೋಬೋಟು ನಿಲ್ಲೋದೇ ಇಲ್ಲ." ಓಡಿಹೋಗಿ ತಾನೇ ಬೆಲ್ ಬಾರಿಸಿದಳು. ಮೇಷ್ಟ್ರು ನಿಂತರು. ನಿಂತಲ್ಲೇ ಕುಸಿದು ಕೂತರು.

ಇನ್ಸ್‌ಪೆಕ್ಟರು ಚಪ್ಪಾಳೆ ತಟ್ಟಿದರು. ಡಬ್ಬದೊಳಗೆ ಮೇಷ್ಟ್ರ ಕಣ್ಣು ತುಂಬಿಬಂತು. ಬದುಕಿದೆಯಾ ಬಡಜೀವವೇ ಅಂದುಕೊಂಡರು.

"ಅದ್ಭುತ ಮೇಡಂ," ಎಂದರು ಇನ್ಸ್‌ಪೆಕ್ಟರು. "ಮಕ್ಕಳೇ ಆಜ್ಞೆ ಕೊಟ್ರು, ಮಕ್ಕಳೇ ತಪ್ಪು ಹುಡುಕಿದ್ರು, ಮಕ್ಕಳೇ ಸರಿ ಮಾಡಿದ್ರು. ಈ ಕ್ಲಾಸಿಗೆ ಮೇಷ್ಟ್ರೇ ಬೇಕಾಗಿಲ್ಲ. ಆ ಪೋಸ್ಟು ತೆಗೆದುಬಿಡಿ."

ಜವಾನ ಕಿಸಕ್ಕನೆ ನಕ್ಕ. ಇನ್ಸ್‌ಪೆಕ್ಟರು ಅವನತ್ತ ತಿರುಗಿದರು. "ಬೆಲ್ಲೂ ಮಕ್ಕಳೇ ಹೊಡೀತಾರಲ್ವಾ?" ಜವಾನ ಕಡಲೆಕಾಯಿ ಚೆಲ್ಲಿ ಬೆಲ್ಲಿನತ್ತ ಓಡಿದ.

ಮೇಷ್ಟ್ರು ಧಡಕ್ಕನೆ ಎದ್ದು, "ಸಾರ್, ಇದನ್ನೆಲ್ಲಾ ಕಲಿಸಿದ್ದು..." ಎಂದು ಶುರುಮಾಡುವಷ್ಟರಲ್ಲಿ ಜಡೆಯವಳು ಅವರ ಅಂಗಿ ಜಗ್ಗಿದಳು.

"ರೋಬೋಟು ತಾನಾಗಿ ಮಾತಾಡಲ್ಲ ಸಾರ್. ನೀವೇ ಹೇಳಿದ್ದು."

ಇನ್ಸ್‌ಪೆಕ್ಟರು ಅವಳ ಬೆನ್ನು ತಟ್ಟಿದರು. "ನೋಡಿ ಮೇಡಂ, ಎಷ್ಟು ಚೆನ್ನಾಗಿ ಕಲ್ತಿದಾರೆ."